ಸೈಲೆನ್ಸರಿಗೆ ಹಿಡಿದ ಬಿಳಿ ಬಟ್ಟೆ

ಹೋದ ತಿಂಗಳು ಚೇಳೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತಿದ್ದ ಹೆಂಗಸು, ಯಾರ ಕಡೆಯವಳೋ ಗೊತ್ತಿಲ್ಲ, ಪಾಯಸ ಹಾಕಿಸಿಕೊಳ್ಳುತ್ತಾ ನನ್ನ ಊರು ಕೇಳಿದಳು. ತುಮಕೂರು, ಉಪ್ಪಾರಹಳ್ಳಿ ಅಂದೆ.

"ಉಪ್ಪಾರಹಳ್ಳಿನಾ? ಅಲ್ಲಿ ಮೋಟರ್ ಸೈಕಲ್ ರಿಪೇರಿ ಮಾಡೋ ಪಿಸ್ಟನ್ ಕಳ್ಳ ಒಬ್ಬ ಅವ್ನಂತಲ್ಲ, ಇನ್ನೂ ಅಲ್ಲೇ ಅವ್ನಾ?"

ನನ್ನ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿದೆ. "ಅವ್ನಲ್ಲ ಕಣಮ್ಮ, ಅವ್ರು. ನನ್ನ ಯಜಮಾನ್ರು" ಅಂದೆ. ನಾನು ಎದ್ದು ಕೈ ತೊಳೆದುಕೊಂಡು, ಮದುವೆಯವರಿಗೂ ಹೇಳದೆ, ಗುಬ್ಬಿ ಬಸ್ಸು ಹತ್ತಿದೆ.

ಇದು ಅರವತ್ತೆಂಟನೇ ಇಸವಿ. ಆ ಮಾತು ಹುಟ್ಟಿದ್ದು ಐವತ್ತೆಂಟರಲ್ಲಿ. ಸುಳ್ಳು ಅಂತ ಗುಬ್ಬಿಯ ಮಂಡಿ ಬೀದಿಯಲ್ಲಿ, ಹಾಡಹಗಲಿನಲ್ಲಿ, ಅಷ್ಟು ಜನರ ಕಣ್ಣೆದುರು ಸಾಬೀತಾಗಿ ಹತ್ತು ವರ್ಷ ಆಯಿತು. ಆದರೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಇದು. ಸುಳ್ಳು ಚೇಳೂರಿನ ಮದುವೆ ಮನೆವರೆಗೂ ಬಂದಿದೆ, ನಿಜ ಮಂಡಿ ಬೀದಿ ದಾಟಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಲೋಯರ್ ಸೆಕೆಂಡರಿ ಪಾಸಾದವಳು, ಅಕ್ಷರವೂ ಚೆನ್ನಾಗಿದೆ. ಗಂಡನ ಹೆಸರನ್ನು ಹೆಂಡತಿ ಹೇಳಬಾರದು ಅನ್ನುವವರು ಬೇಕಾದರೆ ಓದುವುದನ್ನು ಇಲ್ಲಿಗೇ ಬಿಡಲಿ. ನನ್ನ ಗಂಡನ ಹೆಸರು ಚನ್ನವೀರಯ್ಯ. ನಾನು ಶಕುಂತಲಮ್ಮ, ಕುಣಿಗಲ್ಲಿನ ಹೆಣ್ಣು.

ಇವರು ಹುಟ್ಟಿದ್ದು ಗೂಳೂರಿನಲ್ಲಿ. ಯುದ್ಧದ ಕಾಲದಲ್ಲಿ, ಹದಿನೇಳು ವರ್ಷಕ್ಕೆ, ಬೆಂಗಳೂರಿಗೆ ಹೋಗಿ ಮಿಲಿಟರಿ ವರ್ಕ್‌ಶಾಪಿಗೆ ಸೇರಿಕೊಂಡರು. ಮೊದಲ ಎರಡು ವರ್ಷ ಮಾಡಿದ್ದು ಒಂದೇ ಕೆಲಸ, ಬಿಚ್ಚಿದ ಸಾಮಾನನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು. ತೊಳೆಯುತ್ತಾ ತೊಳೆಯುತ್ತಾ ಯಾವ ಸಾಮಾನು ಎಲ್ಲಿ ಸವೆಯುತ್ತದೆ ಅನ್ನುವುದು ಬೆರಳಿಗೆ ಬಂತಂತೆ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹಳೆಯ ಮೋಟರ್ ಸೈಕಲ್ಲುಗಳನ್ನು ಹರಾಜು ಹಾಕಿದರು. ನಮ್ಮ ಕಡೆಯ ಉಳ್ಳವರು ಒಂದೊಂದು ತಂದು ಮನೆಮುಂದೆ ನಿಲ್ಲಿಸಿಕೊಂಡರು. ತಂದದ್ದೇನೋ ಸರಿ, ಕೆಟ್ಟರೆ ಬಿಚ್ಚುವವರು ಬೇಕಲ್ಲ! ಇವರು ಊರಿಗೆ ವಾಪಸು ಬಂದು ಉಪ್ಪಾರಹಳ್ಳಿಯಲ್ಲಿ ಹೊಂಗೆ ಮರದ ಕೆಳಗೆ ತಗಡಿನ ಶೆಡ್ಡು ಹಾಕಿದರು. ಆ ವರ್ಷವೇ ನನ್ನನ್ನು ಮದುವೆಯಾದರು.

ಮಾತು ಕಡಿಮೆ. ನಾನು ಹತ್ತು ಮಾತಾಡಿದರೆ ಅವರದು ಒಂದು, ಅದೂ "ಹೂಂ". ಆದರೆ ಎರಡು ವಿಷಯದಲ್ಲಿ ಭಾರೀ ಹಟ. ಒಂದು, ಸ್ನಾನಕ್ಕೆ ಮುಂಚೆ ಮರದ ಹೊಟ್ಟು ಮತ್ತು ಸೋಡಾ ಹಾಕಿ ಕೈ ತಿಕ್ಕುತ್ತಿದ್ದರು, ಆಮೇಲೆ ಸೀಗೆಪುಡಿ, ಆಮೇಲೆ ಉಗುರಿನ ಸಂದಿಗೆ ಬೇವಿನ ಕಡ್ಡಿ. ಎಣ್ಣೆಯ ವಾಸನೆ ಹೋಗುವ ತನಕ ಕೊರಳಿನ ಲಿಂಗ ಮುಟ್ಟುತ್ತಿರಲಿಲ್ಲ. ಪೂಜೆಗೆ ನೀರು ಇಟ್ಟು ಕಾದು ಕಾದು ನನಗೆ ಸಾಕಾಗುತ್ತಿತ್ತು. "ಲಿಂಗಕ್ಕೆ ಎಣ್ಣೆ ಗೊತ್ತಾಗುತ್ತಾ, ಬನ್ರೀ ಸಾಕು" ಅಂದರೆ ಕೇಳುತ್ತಿರಲಿಲ್ಲ.

ಎರಡನೆಯದು ಬಿಳಿ ಬಟ್ಟೆ. ಇಂಜಿನ್ನು ಪೂರ್ತಿ ಬಿಚ್ಚಿ ಕಟ್ಟಿದ ಮೇಲೆ, ಗಾಡಿಯ ಯಜಮಾನನನ್ನು ಎದುರಿಗೆ ನಿಲ್ಲಿಸಿಕೊಂಡು, ಗಾಡಿ ಚಾಲೂ ಮಾಡಿ, ಒಗೆದ ಬಿಳಿ ಪಂಚೆಯ ತುಂಡೊಂದನ್ನು ಸೈಲೆನ್ಸರಿನ ಬಾಯಿಗೆ ಹಿಡಿಯುತ್ತಿದ್ದರು. ನೂರು ಎಣಿಸುವ ತನಕ ಹಿಡಿದು, ತೆಗೆದು, ಬಿಡಿಸಿ ತೋರಿಸುತ್ತಿದ್ದರು. ಎಣ್ಣೆಯ ಒಂದು ಚುಕ್ಕೆ ಇರುತ್ತಿರಲಿಲ್ಲ. ಆ ಬಟ್ಟೆಯನ್ನು ಗಾಡಿಯವನಿಗೇ ಕೊಟ್ಟುಬಿಡುತ್ತಿದ್ದರು. ಗುಬ್ಬಿ, ಕುಣಿಗಲ್ಲು, ಎಲ್ಲಾ ಕಡೆ ಈ ಬಟ್ಟೆಯ ಸುದ್ದಿ ಹಬ್ಬಿತ್ತು. ಬಾಯಿಲ್ಲದ ಮನುಷ್ಯನಿಗೆ ಜಂಬ ಅಂತ ಇದ್ದದ್ದು ಅದೊಂದೇ.

ಈ ಜಗಳ ಅರ್ಥವಾಗಬೇಕಾದರೆ ಒಂದು ಚೂರು ಇಂಜಿನ್ನಿನ ವಿಷಯ ತಿಳಿದಿರಬೇಕು. ಹೆದರಬೇಡಿ, ಒಲೆ ಮುಂದೆ ಕೂತು ಕೇಳಿಸಿಕೊಂಡೇ ನನಗೆ ಬಂದಿದೆ, ನಿಮಗೂ ಬರುತ್ತದೆ. ಇಂಜಿನ್ನಿನ ತಲೆಯಲ್ಲಿ ಎರಡು ವಾಲ್ವು. ಒಂದು ಪೆಟ್ರೋಲಿನ ಗಾಳಿ ಒಳಗೆ ಬಿಡುವುದಕ್ಕೆ, ಇನ್ನೊಂದು ಹೊಗೆ ಹೊರಗೆ ಕಳಿಸುವುದಕ್ಕೆ. ವಾಲ್ವಿನ ಕಡ್ಡಿ ಮೇಲೆ ಕೆಳಗೆ ಆಡುವುದು ಒಂದು ಸಣ್ಣ ಕೊಳವೆಯಲ್ಲಿ, ಅದೇ ಗೈಡು. ಗೈಡು ಸವೆದು ಸಡಿಲವಾದರೆ, ಇಲ್ಲಾ ಅದಕ್ಕೆ ಎಣ್ಣೆ ಜಾಸ್ತಿ ಹೋದರೆ, ಆ ಎಣ್ಣೆ ಗಾಳಿಯ ಜೊತೆ ಒಳಗೆ ಇಳಿದು ಸುಟ್ಟು ನೀಲಿ ಹೊಗೆಯಾಗುತ್ತದೆ. ಎಣ್ಣೆ ಸಾಲದಿದ್ದರೆ ಕಡ್ಡಿ ಒಣಗಿ ಕೀಚ್ ಕೀಚ್ ಅನ್ನುತ್ತದೆ. "ಜಾಸ್ತಿಯಾದ್ರೆ ಹೊಗೆ, ಕಮ್ಮಿಯಾದ್ರೆ ಕೂಗು" ಅಂತ ಇವರು ಹೇಳುತ್ತಿದ್ದರು.

ಸುಡುವ ಎಣ್ಣೆ ಎಲ್ಲಿಂದ ಬರುತ್ತಿದೆ ಅಂತ ಹೊಗೆ ನೋಡಿಯೇ ಹೇಳಬಹುದು. ಏರು ಹತ್ತುವಾಗ ಒಂದೇ ಸಮ ಬಂದರೆ ಪಿಸ್ಟನ್ನಿನ ಕಡೆಯ ದೋಷ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟುಕೊಂಡು ಇಳಿದು, ಕೆಳಗೆ ಬಂದು ಮತ್ತೆ ತಿರುವಿದಾಗ ಬುಸ್ಸಂತ ಬಂದರೆ ಗೈಡಿನ ಕಡೆಯದು. ಇದನ್ನು ನಾನು ನೂರು ಸಲ ಕೇಳಿದ್ದೆ. ಒಂದು ದಿನ ನನ್ನ ಗಂಡನ ಮಾನ ಈ ಮಾತಿನ ಮೇಲೆ ನಿಲ್ಲುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಗುಬ್ಬಿಯಲ್ಲಿ ತೆಂಗಿನಕಾಯಿ ಮಂಡಿ ಇಟ್ಟುಕೊಂಡಿದ್ದ ಕರಿಸಿದ್ದಪ್ಪ ಅಂತ ಒಬ್ಬರು ಸಾವ್ಕಾರರು. ಅವರ ಹತ್ತಿರ ಹರಾಜಿನಲ್ಲಿ ಬಂದ ಒಂದು ಮ್ಯಾಚ್‌ಲೆಸ್ ಗಾಡಿ ಇತ್ತು. ಹೊಗೆ ಅಂದರೆ ಹೊಗೆ, ಹಿಂದೆ ಬರುವ ಎತ್ತುಗಳೂ ಕೆಮ್ಮುತ್ತಿದ್ದವು. ಐವತ್ತೆಂಟರ ಬೇಸಿಗೆಯಲ್ಲಿ ಅದನ್ನು ನಮ್ಮ ಶೆಡ್ಡಿಗೆ ತಂದರು. ಹೊಸ ಪಿಸ್ಟನ್ನನ್ನು ಸಾವ್ಕಾರರೇ ಬೆಂಗಳೂರಿನಿಂದ ತಂದುಕೊಟ್ಟರು. ಅದರ ತಲೆಯ ಮೇಲೆ ಇಪ್ಪತ್ತು ಅಂತ ಅಂಕೆ ಒತ್ತಿತ್ತು, ಇಪ್ಪತ್ತು ಅಂದರೆ ಹಳೆಯದಕ್ಕಿಂತ ಒಂದು ಅಳತೆ ದಪ್ಪ, ಹಳೆಯದರ ಮೇಲೆ ಆ ಅಂಕೆ ಇರಲಿಲ್ಲ. ಗೈಡು ಮಾತ್ರ ಎಲ್ಲೂ ಸಿಗಲಿಲ್ಲ. ಇವರು ಬೀಡು ಕಬ್ಬಿಣದ ತುಂಡು ತಂದು, ಲೇತಿನಲ್ಲಿ ತಾವೇ ಕಡೆದು ಎರಡು ಗೈಡು ಮಾಡಿದರು. ಮೂರು ಮಾಡಿ ಎಸೆದರು, ನಾಲ್ಕನೆಯದೂ ಐದನೆಯದೂ ಮನಸ್ಸಿಗೆ ಬಂತು. ಅವನ್ನು ಸೆರಗಿನಲ್ಲಿ ಒರೆಸಿ ನನ್ನ ಅಂಗೈಲಿಟ್ಟು, "ನೋಡೇ" ಅಂದಿದ್ದರು. ನನ್ನ ಸೆರಗು!

ಆ ಗಾಡಿಯ ತಲೆಯ ಬಲಪಕ್ಕದಲ್ಲಿ ಒಂದು ಸಣ್ಣ ತಿರುಪು ಇದೆ. ಒಳಗೆ ಗಾಳಿ ಬಿಡುವ ವಾಲ್ವಿನ ಗೈಡಿಗೆ ಎಷ್ಟು ಎಣ್ಣೆ ಹೋಗಬೇಕು ಅನ್ನುವುದು ಅದರ ಕೈಯಲ್ಲಿ. ಪೂರ್ತಿ ಮುಚ್ಚಿ, ಒಂದು ಸುತ್ತಿನಲ್ಲಿ ಆರನೇ ಒಂದು ಪಾಲು ಮಾತ್ರ ಬಿಚ್ಚಬೇಕು ಅಂತ ಮಿಲಿಟರಿ ಪುಸ್ತಕದಲ್ಲಿ ಬರೆದಿತ್ತಂತೆ. ಗಾಡಿ ತೆಗೆದುಕೊಂಡು ಹೋಗುವ ದಿನ ಸಾವ್ಕಾರರ ಜೊತೆ ಅವರ ಮನೆಯ ಹಳೆಯ ಆಳು ಪುಟ್ಟರಂಗಯ್ಯ ಬಂದಿದ್ದ. ನಲವತ್ತು ವರ್ಷ ಎತ್ತಿನ ಗಾಡಿ ಹೊಡೆದವನು, ಈಗ ಈ ಗಾಡಿ ತೊಳೆದು ಒರೆಸುವ ಕೆಲಸ ಅವನದು. ಅದೇನು ಇದೇನು ಅಂತ ಕೇಳಿದ. ಇವರು ಅವನಿಗೆ ಒಂದೊಂದೇ ತೋರಿಸಿದರು, ಆ ತಿರುಪನ್ನೂ. ಆಮೇಲೆ ಬಿಳಿ ಬಟ್ಟೆ ಹಿಡಿದರು. ಬಟ್ಟೆ ಮಲ್ಲಿಗೆ ಹಾಗೆ ಹೊರಗೆ ಬಂತು. ಸಾವ್ಕಾರರು ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು, ಗುಬ್ಬಿಯಲ್ಲಿ ಕಂಡವರಿಗೆಲ್ಲ ತೋರಿಸಿದರಂತೆ.

ಒಂದೂವರೆ ತಿಂಗಳಾಗಿರಬೇಕು. ಬೆಳಗ್ಗೆ ಹತ್ತು ಗಂಟೆಗೆ ಕರಿಸಿದ್ದಪ್ಪ ಬಂದರು. ಗಾಡಿಯಲ್ಲಲ್ಲ, ಬಸ್ಸಿನಲ್ಲಿ. ಶೆಡ್ಡಿನ ಒಳಗೂ ಬರಲಿಲ್ಲ, ರಸ್ತೆಯಲ್ಲೇ ನಿಂತು, ಆ ಬಟ್ಟೆಯನ್ನು ಇವರ ಮುಖದ ಮೇಲೆ ಎಸೆದರು.

"ಹೊಸಾ ಪಿಸ್ಟನ್ ಎಲ್ಲಿ ಮಾರ್ಕೊಂಡ್ಯಪ್ಪ ಚನ್ನವೀರಯ್ಯ? ನನ್ನ ಹಳೇದನ್ನೇ ತಿಕ್ಕಿ ಒಳಗೆ ತುರುಕಿದೀಯಲ್ಲ, ನಾನೇನು ಕಣ್ಣಿಗೆ ಮಣ್ಣು ಹಾಕ್ಕೊಂಡಿದೀನಾ? ಹೋದ್ಸಲಕ್ಕಿಂತ ಜಾಸ್ತಿ ಹೊಗೆ!"

ಇವರು ಬಟ್ಟೆ ಎತ್ತಿ ನೋಡಿದರು. ಸೈಲೆನ್ಸರಿಗೆ ಮತ್ತೆ ಹಿಡಿದಿದ್ದರೇನೋ, ಕಪ್ಪಗೆ, ಜಿಡ್ಡು ಜಿಡ್ಡಾಗಿತ್ತು. "ಗಾಡಿ ತನ್ನಿ ಸಾವ್ಕಾರ್ರೇ, ನೋಡ್ತೀನಿ" ಅಂದರು.

"ನಿನ್ನ ಕೈಗೆ ಇನ್ನೊಂದ್ಸಲ ಕೊಡ್ತೀನಾ? ಉಳಿದಿರೋದನ್ನೂ ಬಿಚ್ಕೊಳ್ಳೋಕಾ? ಮೊದ್ಲು ಗುಬ್ಬಿಗೆ ಬಂದು, ನಾಲ್ಕು ಜನದ ಮುಂದೆ, ಕೊರಳಲ್ಲಿರೋ ಲಿಂಗ ಮುಟ್ಟಿ ಹೇಳು. ಪಿಸ್ಟನ್ ಕದ್ದಿಲ್ಲ, ಕೆಲಸದಲ್ಲಿ ಒಂದು ತಪ್ಪೂ ಮಾಡಿಲ್ಲ ಅಂತ. ಆಮೇಲೆ ಗಾಡಿ ಮುಟ್ಟೋ ಮಾತು."

ನಾನು ಒಳಗಿಂದ ಸೌಟು ಹಿಡಿದುಕೊಂಡೇ ಬಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಕರಿಸಿದ್ದಪ್ಪ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಇವರು? ಬಟ್ಟೆಯನ್ನು ಮಡಿಸುತ್ತಾ, "ಗಾಡಿ ತನ್ನಿ" ಅಂತ ಇನ್ನೊಂದು ಸಲ ಅಂದರು. ಅಷ್ಟೇ. ಕಳ್ಳ ಅಂದವನ ಮುಂದೆ ಗಾಡಿ ತನ್ನಿ ಅಂತ ನಿಂತ ಗಂಡನನ್ನು ನೋಡಿ ನನಗೆ ಸಾವ್ಕಾರರ ಮೇಲಿನ ಕೋಪಕ್ಕಿಂತ ಇವರ ಮೇಲೆ ಹೆಚ್ಚು ಕೋಪ ಬಂತು.

ಬೆಂಕಿ ಬಿದ್ದ ಮೇಲೆ ಗಾಳಿಗೆ ಹೇಳಬೇಕಾ? ಎರಡು ವಾರದಲ್ಲಿ ಶೆಡ್ಡಿನ ಮುಂದೆ ಗಾಡಿ ನಿಲ್ಲುವುದು ನಿಂತಿತು. ಕುಣಿಗಲ್ಲಿನಿಂದ ವೆಂಕಟರಂಗಯ್ಯ ಅನ್ನುವ ಮೇಷ್ಟ್ರು ಬಂದರು. ಅವರ ಗಾಡಿಯ ಇಂಜಿನ್ನು ಆಗ ಬಿಚ್ಚಿ ಹರಡಿತ್ತು. ಹಾಗೇ ಕೊಡಪ್ಪ, ಬೇರೆ ಕಡೆ ಕಟ್ಟಿಸಿಕೊಳ್ಳುತ್ತೇನೆ ಅಂದರು. ತಂದಿದ್ದ ಗೋಣಿಚೀಲಕ್ಕೆ ಇವರೇ ಎತ್ತಿ ಎತ್ತಿ ಹಾಕಿದರು. ಮೇಷ್ಟ್ರು ಕುಕ್ಕರುಗಾಲಲ್ಲಿ ಕೂತು ಒಂದೊಂದು ನಟ್ಟನ್ನೂ ಎಣಿಸಿಕೊಂಡರು. ನಮ್ಮ ಮದುವೆಗೆ ಬಂದು ಉಂಡು ಹೋದ ಮನುಷ್ಯ! ಎರಡು ಸಲ ಎಣಿಸಿದರು, ಇವರ ಎದುರಿಗೇ.

ಅವರ ಬಾಯಿಂದಲೇ ಸುದ್ದಿ ನನ್ನ ತವರಿಗೆ ಹೋಯಿತು. ಅವ್ವ ಹೇಳಿ ಕಳಿಸಿದಳು, ನಾನು ಕುಣಿಗಲ್ಲಿಗೆ ಹೋದೆ. ಹೊಸ್ತಿಲು ದಾಟುವುದಕ್ಕೂ ಬಿಡದೆ, "ಅಲ್ವೇ, ಕದ್ದಿಲ್ಲ ಅಂದ್ಮೇಲೆ ಲಿಂಗ ಮುಟ್ಟೋಕೇನಂತೆ ನಿನ್ನ ಗಂಡಂಗೆ? ಬೆಂಕಿ ಇಲ್ದೆ ಹೊಗೆ ಆಡುತ್ತಾ?" ಅಂದಳು. ಹೆತ್ತ ತಾಯಿ. ನನ್ನ ಗಂಡನ ಕೆಲಸದಲ್ಲಿ ಕೂದಲೆಳೆಯಷ್ಟು ತಪ್ಪು ಇಲ್ಲ, ಬೇಕಾದರೆ ನಾನೇ ಲಿಂಗ ಮುಟ್ಟುತ್ತೇನೆ ಅಂತ ಕೂಗಾಡಿ, ನೀರೂ ಕುಡಿಯದೆ ವಾಪಸು ಬಂದೆ.

ಬಂದವಳು ಇವರ ಮೇಲೆ ಬಿದ್ದೆ. "ಹೋಗಿ ಹೇಳಿಬಿಟ್ಟು ಬನ್ರೀ! ಪಿಸ್ಟನ್ ಕದ್ದಿಲ್ಲ ಅಂತ ಒಂದು ಮಾತು. ನಾಲಿಗೆ ಸವೆದುಹೋಗುತ್ತಾ?"

"ಅದೊಂದೇ ಕೇಳಿದ್ರೆ ಹೇಳ್ತಿದ್ದೆ" ಅಂದರು. ಕೋಪದಲ್ಲಿ ನನಗೆ ಆ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಆ ಎರಡು ತಿಂಗಳು ಶೆಡ್ಡಿನಲ್ಲಿ ಕೆಲಸ ಇರಲಿಲ್ಲ, ಕೈಗೆ ಎಣ್ಣೆಯೇ ಇರಲಿಲ್ಲ. ಆದರೂ ಪೂಜೆಗೆ ಮುಂಚೆ ಹೊಟ್ಟು, ಸೋಡಾ, ಸೀಗೆಪುಡಿ ಹಾಕಿ ಮೊದಲಿಗಿಂತ ಹೆಚ್ಚು ಹೊತ್ತು ಕೈ ತಿಕ್ಕುತ್ತಿದ್ದರು.

ಆಗ ಒಂದು ದಿನ ನಾನು ಯಾವುದೋ ಸಂಬಂಧಿಕರ ಮನೆಗೆ ಅಂತ ಗುಬ್ಬಿ ಬಸ್ಸಿನಲ್ಲಿ ಹೋಗುತ್ತಿದ್ದೆ. ಡ್ರೈವರಿನ ಹಿಂದಿನ ಸೀಟು. ಗುಬ್ಬಿ ಇನ್ನೂ ಒಂದೆರಡು ಮೈಲಿ ಇದೆ ಅನ್ನುವಾಗ ನಮ್ಮ ಬಸ್ಸಿನ ಮುಂದೆ ಒಂದು ಮೋಟರ್ ಸೈಕಲ್ಲು ಬಂತು. ಆ ದಪ್ಪ ಬೆನ್ನು, ಆ ಜರಿ ರುಮಾಲು, ಯಾರು ಅಂತ ಕೇಳಬೇಕಾ, ಕರಿಸಿದ್ದಪ್ಪನೇ! ಶಾಪ ಹಾಕುತ್ತಾ ನೋಡುತ್ತಿದ್ದೆ. ಏರು ಹತ್ತಿದರು, ಹೊಗೆ ಅಷ್ಟೇನೂ ಇಲ್ಲ. ಇಳಿಜಾರು ಬಂತು, ಸುಮ್ಮನೆ ಜಾರಿಕೊಂಡು ಇಳಿದರು. ಕೆಳಗೆ ಹೋಗಿ ಮತ್ತೆ ಆಕ್ಸಿಲರೇಟರ್ ತಿರುವಿದರು ನೋಡಿ, ಬುಸ್ಸಂತ ನೀಲಿ ಹೊಗೆ ಎದ್ದು ನಮ್ಮ ಬಸ್ಸಿನ ಗಾಜೇ ಮುಚ್ಚಿಹೋಯಿತು. ಡ್ರೈವರು ಬೈದುಕೊಂಡ. ನಾನು ಸೀಟಿನಿಂದ ಎದ್ದು ನಿಂತೆ.

ಗುಬ್ಬಿಯಲ್ಲಿ ಇಳಿದು, ಸಂಬಂಧಿಕರ ಮನೆಗೂ ಹೋಗದೆ, ಅದೇ ಬಸ್ಸಿನಲ್ಲಿ ವಾಪಸು ಬಂದೆ. ಇವರು ಶೆಡ್ಡಿನಲ್ಲಿ ಖಾಲಿ ಪೆಟ್ಟಿಗೆ ಮೇಲೆ ಕೂತಿದ್ದರು. ನೋಡಿದ್ದನ್ನು ನೋಡಿದ ಹಾಗೆ ಹೇಳಿದೆ. ಏರಿನಲ್ಲಿ ಇಲ್ಲ, ಇಳಿದಾದ ಮೇಲೆ ಬಂತು. ಇವರು ಎರಡು ಸಲ ಹೇಳಿಸಿದರು.

"ಪಿಸ್ಟನ್ನಲ್ಲ. ಗೈಡು" ಅಂದರು. ಖುಷಿಯಾಗಬೇಕಿತ್ತಲ್ಲವೇ? ಮುಖ ಇನ್ನೂ ಬಾಡಿತು.

ಮಾರನೆಯ ದಿನ ಗುಬ್ಬಿ ಸಂತೆ. ಬರುವುದಿಲ್ಲ ಅಂದ ಇವರನ್ನು ನಾನೇ ಎಬ್ಬಿಸಿ ಹೊರಡಿಸಿದೆ. ಸಾಮಾನಿನ ತಗಡಿನ ಪೆಟ್ಟಿಗೆಗೆ ಎರಡು ಹಿಡಿ. ಇವರೊಬ್ಬರೇ ಎತ್ತಿಕೊಂಡು ಬಂದರು. ನಾನು ಮುಂದೆ ನಡೆದೆ. ಮಂಡಿಯ ಜಗಲಿಯ ಮೇಲೆ ಕರಿಸಿದ್ದಪ್ಪ ಕೂತಿದ್ದರು. ಕೆಳಗೆ ಕಾಯಿ ಸುಲಿಯುವವರು, ಕಾಯಿ ತಂದವರು, ಸುಮ್ಮನೆ ನಿಂತವರು, ಐವತ್ತು ಜನವಾದರೂ ಇದ್ದರು. ಕಂಬದ ಪಕ್ಕ ಆ ಗಾಡಿ ನಿಂತಿತ್ತು. ಪುಟ್ಟರಂಗಯ್ಯ ಅದನ್ನು ಒರೆಸುತ್ತಿದ್ದ.

"ಬಂದ್ಯಾ? ಲಿಂಗ ಮುಟ್ಟೋಕೆ ಬಂದ್ಯಾ, ಹೆಂಡ್ತೀನ ಮುಂದೆ ಬಿಟ್ಕೊಂಡು ಜಗಳಕ್ಕೆ ಬಂದ್ಯಾ?" ಅಂದರು ಸಾವ್ಕಾರರು.

ಇವರು ಬಾಯಿ ತೆರೆಯುವ ಮುಂಚೆ ನಾನೇ ಹೇಳಿದೆ. "ಬಿಚ್ಚೋಕೆ ಬಂದಿದೀವಿ. ಈ ಜನರ ಮುಂದೆ, ನಿಮ್ಮ ಜಗಲಿ ಮುಂದೆ. ಹಳೇ ಪಿಸ್ಟನ್ ಇದ್ರೆ ಇಲ್ಲಿಂದ್ಲೇ ಪೊಲೀಸ್ನೋರಿಗೆ ಹಿಡಿದುಕೊಡಿ. ಮನುಷ್ಯ ಸುಳ್ಳು ಹೇಳಬಹುದು, ಕಬ್ಬಿಣ ಹೇಳುತ್ತಾ ಸಾವ್ಕಾರ್ರೇ?"

"ಬಿಚ್ಚಲಿ ಬಿಡಿ, ನೋಡಾಣ" ಅಂತ ಜನರಲ್ಲಿ ಯಾರೋ ಅಂದರು. ಇನ್ನು ನಾಲ್ಕು ಜನ ಹೂಂ ಅಂದರು. ಸಾವ್ಕಾರರು ಬೇಡ ಅನ್ನುವ ಹಾಗಿರಲಿಲ್ಲ.

ಇವರು ಗೋಣಿತಾಟು ಹಾಸಿ ಕೂತರು. ಟ್ಯಾಂಕು ಇಳಿಸಿದರು. ಒಂದೊಂದೇ ನಟ್ಟು ಬಿಚ್ಚಿ ಸಾಲಾಗಿ ಇಟ್ಟರು. ಗಂಟೆ ಹೊತ್ತು ಯಾರೂ ಜಾಗ ಬಿಟ್ಟು ಕದಲಲಿಲ್ಲ, ಕಾಯಿ ಸುಲಿಯುವ ಸದ್ದೂ ನಿಂತಿತ್ತು. ಇಂಜಿನ್ನಿನ ತಲೆ ಎತ್ತಿ ಪಕ್ಕಕ್ಕಿಟ್ಟು, ಸೀಮೆಎಣ್ಣೆಯ ಬಟ್ಟೆಯಿಂದ ಪಿಸ್ಟನ್ನಿನ ನೆತ್ತಿ ಒರೆಸಿದರು. ಮಸಿ ಹೋಯಿತು. ಇಪ್ಪತ್ತು ಅಂತ ಅಂಕೆ ಹೊಳೆಯಿತು.

ಆಗ ಬಾಗಿಲಲ್ಲಿ ನಿಂತಿದ್ದ ಸಾವ್ಕಾರರ ಹೆಂಡತಿ ಕರಿಬಸಮ್ಮ ಒಳಗೆ ಹೋಗಿ ಒಂದು ರಟ್ಟಿನ ಡಬ್ಬ ತಂದರು. ಪಿಸ್ಟನ್ ಬಂದ ಡಬ್ಬ, ಸೂಜಿ ಗುಂಡಿ ಹಾಕಿ ಇಟ್ಟುಕೊಂಡಿದ್ದರಂತೆ. "ಇದ್ರ ಮೇಲೂ ಇಪ್ಪತ್ತು ಅಂತ್ಲೇ ಐತೆ ನೋಡಿ, ಕಂಪನಿ ಗುರುತೂ ಅದೇ" ಅಂದರು. ಪುಣ್ಯಾತ್ಗಿತ್ತಿ! ಸಾವ್ಕಾರರು ಡಬ್ಬವನ್ನೂ ಪಿಸ್ಟನ್ನನ್ನೂ ನೋಡಿದರು.

ಇವರಿಗೆ ಅದರ ಕಡೆ ಗಮನವೇ ಇಲ್ಲ. ವಾಲ್ವು ತೆಗೆದು ಗೈಡಿನಲ್ಲಿ ಕಡ್ಡಿ ಅಲ್ಲಾಡಿಸಿ ನೋಡಿದರು, ಕಣ್ಣಿಗೆ ಹಿಡಿದು ನೋಡಿದರು, ಮತ್ತೆ ಅಲ್ಲಾಡಿಸಿದರು. "ಸವೆದಿಲ್ಲ" ಅಂದರು, ತಮಗೆ ತಾವೇ. ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ವಾಲ್ವಿನ ಬೆನ್ನು ಮಾತ್ರ ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗೆ ಒದ್ದೆ. ಆಮೇಲೆ ಆ ಪಕ್ಕದ ತಿರುಪಿಗೆ ಸ್ಕ್ರೂ ಡ್ರೈವರ್ ಇಟ್ಟು ಮುಚ್ಚುತ್ತಾ ಸುತ್ತು ಎಣಿಸಿದರು. ಒಂದು ಸುತ್ತು. ಎರಡು ಸುತ್ತು.

"ಇದನ್ನ ಯಾರು ಬಿಚ್ಚಿದ್ದು?"

"ನಾನೇ ಕಣಪ್ಪ" ಅಂದ ಪುಟ್ಟರಂಗಯ್ಯ. ಹೆದರಿಕೆ ಇಲ್ಲ, ಏನಿಲ್ಲ, ಎದೆ ಸೆಟೆಸಿಕೊಂಡೇ ಹೇಳಿದ. "ತಂದ ನಾಲ್ಕು ದಿನಕ್ಕೇ ಕೀಚ್ ಕೀಚ್ ಅಂತ ಕೂಗ್ತಿತ್ತು. ನಲವತ್ತು ವರ್ಸ ಗಾಡಿ ಹೊಡ್ದಿವ್ನಿ. ಅಚ್ಚು ಕೂಗಿದ್ರೆ ಕೀಲೆಣ್ಣೆ ಬುಡ್ಬೇಕು. ಒಣ ಅಚ್ಚಲ್ಲಿ ಗಾಡಿ ಹೊಡ್ಯೋನು ಮನುಸ್ಯನಾ? ಇದ್ರಿಂದ್ಲೇ ಎಣ್ಣೆ ಹೋಯ್ತದೆ ಅಂತ ನೀವೇ ಅಲ್ವಾ ತೋರ್ಸಿದ್ದು? ಎಲ್ಡು ಸುತ್ತು ಬುಟ್ಟೆ. ಕೂಗು ನಿಂತೋಯ್ತು."

ಜನ ಗೊಳ್ಳೆಂದು ನಕ್ಕರು. ಕರಿಸಿದ್ದಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು. "ಅಯ್ಯೋ ನಿನ್ ಮನೆ ಕಾಯ್ವೋಗ! ಮೋಟರ್ ಸೈಕಲ್ಗೂ ಕೀಲೆಣ್ಣೆ ಬುಟ್ಟವ್ನೆ ನಮ್ ಪುಟ್ಟರಂಗ! ಆಯ್ತು ಬುಡಪ್ಪ ಚನ್ನವೀರಯ್ಯ, ಆಗೋದ್ ಆಯ್ತು. ಯಾರಲ್ಲಿ, ಇವ್ರಿಗೆ ಕಾಫಿ ತನ್ನಿ."

ಕಾಫಿ! ಎರಡು ತಿಂಗಳು ನನ್ನ ಗಂಡ ಮೂರು ಊರಿಗೆ ಕಳ್ಳ. ಮೇಷ್ಟ್ರು ನಟ್ಟು ಎಣಿಸಿದರು, ಹೆತ್ತ ತಾಯಿ ಹೊಸ್ತಿಲಲ್ಲಿ ನಿಲ್ಲಿಸಿ ಕೇಳಿದಳು. ಮನೆಯ ಆಳು ಮಾಡಿದ್ದು ಅಂತ ಗೊತ್ತಾದ ಕೂಡಲೇ ಅದೆಲ್ಲ ನಗುವ ವಿಷಯ. ಪಾಪ ಆ ಮುದುಕನ ಮೇಲೆ ನನಗೆ ಕೋಪವಿರಲಿಲ್ಲ, ಅವನು ತಿಳಿದದ್ದನ್ನು ಮಾಡಿದ. ನಾನು ಜಗಲಿಯ ಮೆಟ್ಟಿಲು ಹತ್ತಿ ಸಾವ್ಕಾರರ ಎದುರಿಗೇ ಹೋಗಿ ನಿಂತೆ.

"ನಗು ಬಂತಾ ಸಾವ್ಕಾರ್ರೇ? ನೀವೂ ಕೊರಳಲ್ಲಿ ಕಟ್ಕೊಂಡಿದೀರಲ್ಲ, ಮುಟ್ಟಿ ಹೇಳಿ. ಚನ್ನವೀರಯ್ಯ ಕಳ್ಳ ಅಂತ ನಾನು ಯಾರ ಹತ್ರಾನೂ ಅಂದಿಲ್ಲ ಅಂತ ಹೇಳಿ. ಇಲ್ವಾ, ಅಂದಿದ್ದೆ, ತಪ್ಪಾಯ್ತು ಅನ್ನಿ. ಎರಡರಲ್ಲಿ ಒಂದು ಹೇಳಿ. ನಿಮ್ಮ ಕಾಫಿ ಆಮೇಲೆ ಕುಡಿಯೋಣ."

ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸಾವ್ಕಾರರ ಕೈ ಅಂಗಿಯ ಗುಂಡಿಯವರೆಗೂ ಹೋಯಿತು. ಅಲ್ಲೇ ನಿಂತಿತು. ಮುಖ ಕೆಂಪಾಯಿತು, ಕಣ್ಣು ಹೆಂಡತಿಯ ಕಡೆ ಹೋಯಿತು, ಕರಿಬಸಮ್ಮ ನೆಲ ನೋಡುತ್ತಿದ್ದರು. ತುಟಿ ಅಲುಗಿತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ತಪ್ಪಾಯ್ತು ಅನ್ನುತ್ತಿದ್ದರು. ಇವತ್ತಿಗೂ ನಾನು ಹಾಗೇ ನಂಬಿದ್ದೇನೆ.

ಆ ಗಳಿಗೆಯಲ್ಲಿ ಗೋಣಿತಾಟಿನ ಮೇಲಿನಿಂದ ಇವರು ಮಾತಾಡಿದರು. ವರ್ಷಕ್ಕೊಮ್ಮೆ ಮಾತಾಡುವ ಮನುಷ್ಯ!

"ಕೂಗಿದ್ದು ನನ್ನ ತಪ್ಪು ಸಾವ್ಕಾರ್ರೇ. ಆರನೇ ಒಂದು ಪಾಲು ಬಿಚ್ಚಬೇಕು ಅಂತ ಪುಸ್ತಕದಲ್ಲೈತೆ. ಬಟ್ಟೆ ಬೆಳ್ಳಗೆ ಬರ್ಲಿ ಅಂತ ನಾನು ಪೂರಾ ಮುಚ್ಚಿದ್ದೆ. ಆಮೇಲೆ ಬಿಚ್ಚೋದ್ನ ಮರೆತೆ. ಎಣ್ಣೆ ಇಲ್ದೆ ವಾಲ್ವು ಕೂಗ್ತು. ಕೂಗದಿದ್ರೆ ಪುಟ್ಟರಂಗಯ್ಯ ಯಾಕೆ ಮುಟ್ತಿದ್ದ?"

ಕರಿಸಿದ್ದಪ್ಪನ ಕೈ ಗುಂಡಿಯಿಂದ ಕೆಳಗಿಳಿಯಿತು. "ನೋಡಿದ್ರಾ! ಅವನೇ ಒಪ್ಕೊಂಡ!" ಅಂತ ಜನರ ಕಡೆ ತಿರುಗಿದರು. "ನನ್ನ ಬಾಯಿ ಬಡೀತಿದ್ರಲ್ಲ, ತಪ್ಪು ಅವನ್ದೇಯ!" ಜನ ಹೂಂಗುಟ್ಟಿದರು. ಕೆಲವರು ಆಗಲೇ ಸಂತೆಯ ಕಡೆ ಹೊರಟಿದ್ದರು. ಪಿಸ್ಟನ್ನಿನ ಮಾತೇ ಯಾರಿಗೂ ಬೇಡವಾಯಿತು. ನಾನು ಮೆಟ್ಟಿಲ ಮೇಲೆ ಪೆದ್ದಿಯ ಹಾಗೆ ನಿಂತಿದ್ದೆ. ಅಷ್ಟು ಕೋಪ ನನಗೆ ಹುಟ್ಟಿದಾಗಿನಿಂದ ಬಂದಿಲ್ಲ, ಅದೂ ನನ್ನ ಗಂಡನ ಮೇಲೆ.

ಇವರು ಎಲ್ಲಾ ತೊಳೆದು ಮತ್ತೆ ಕಟ್ಟಿದರು. ತಿರುಪನ್ನು ಪೂರ್ತಿ ಮುಚ್ಚಿ, ಆರನೇ ಒಂದು ಪಾಲು ಬಿಚ್ಚಿ, ನಟ್ಟು ಬಿಗಿದರು. ಪುಟ್ಟರಂಗಯ್ಯನ ಬೆರಳು ಹಿಡಿದು ಅಷ್ಟು ಅಂದರೆ ಎಷ್ಟು ಅಂತ ತೋರಿಸಿಕೊಟ್ಟರು. ಸಾವ್ಕಾರರು ಸಂತೆ ಸುತ್ತಿ, ಏರು ಹತ್ತಿ ಇಳಿದು ಬಂದರು. ಹೊಗೆ ಇಲ್ಲ, ಕೂಗು ಇಲ್ಲ. ಬಿಳಿ ಬಟ್ಟೆ ಎಲ್ಲಪ್ಪ ಅಂತ ಕೇಳಿದರು, ನಗುತ್ತಾ. ತಂದಿಲ್ಲ ಅಂದರು ಇವರು. ಆವತ್ತಿನಿಂದ ಇವತ್ತಿನವರೆಗೆ ಯಾವ ಗಾಡಿಗೂ ಹಿಡಿದಿಲ್ಲ. ಯಾರಾದರೂ ಕೇಳಿದರೆ, ಮುನ್ನೂರು ಮೈಲಿ ಓಡಿಸಿಕೊಂಡು ಬನ್ನಿ, ಆಗ ನೋಡೋಣ ಅನ್ನುತ್ತಾರೆ. ಕೆಲಸ ನಿಧಾನಕ್ಕೆ ವಾಪಸು ಬಂತು, ಮೊದಲಿನಷ್ಟಲ್ಲ. ಕರಿಸಿದ್ದಪ್ಪ ಈಗಲೂ ಗಾಡಿಯನ್ನು ಇಲ್ಲಿಗೇ ಕಳಿಸುತ್ತಾರೆ. ತಪ್ಪಾಯ್ತು ಅಂದಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಪೆಟ್ಟಿಗೆ ನಮ್ಮಿಬ್ಬರ ಕಾಲ ಬಳಿ ಇತ್ತು. ಸುಮಾರು ದೂರ ಬಂದ ಮೇಲೆ ಕೇಳಿದೆ. "ನಿಮಗೆ ಮೊದ್ಲೇ ಗೊತ್ತಿತ್ತಾ?"

"ತಿರುಪು ಮುಚ್ಚೇ ಬಿಟ್ಟಿದ್ದು ಅವ್ರು ಬಟ್ಟೆ ಎಸೆದಾಗ್ಲೇ ನೆನಪಾಯ್ತು. ಎಣ್ಣೆ ಇಲ್ದೆ ಗೈಡು ಸವೆದೇ ಹೋಯ್ತೇನೋ, ಅದಕ್ಕೇ ಹೊಗೆಯೇನೋ ಅಂತ ಅನುಮಾನ. ಗಾಡಿ ಬಿಚ್ಚಿ ನೋಡ್ದೆ ಹೆಂಗೆ ಹೇಳ್ಲಿ? ಪಿಸ್ಟನ್ ಕದ್ದಿಲ್ಲ ಅಂತ ಮುಟ್ಟು ಅಂದಿದ್ರೆ ಅವತ್ತೇ ಮುಟ್ತಿದ್ದೆ. ಕೆಲಸದಲ್ಲಿ ಒಂದು ತಪ್ಪೂ ಇಲ್ಲ ಅಂತ ಮುಟ್ಟು ಅಂದ್ರು. ಅದು ಸುಳ್ಳಾಗ್ತಿತ್ತು."

"ನನಗಾದ್ರೂ ಹೇಳಬಾರದಿತ್ತಾ? ಎರಡು ತಿಂಗಳು ಊರವರ ಮೇಲೆಲ್ಲ ಬಿದ್ದು ಜಗಳ ಆಡಿದೀನಿ ನಾನು. ನಮ್ಮವ್ವನ ಮನೇಲಿ ನೀರು ಕುಡೀದೆ ಬಂದಿದೀನಿ. ನನ್ನ ಗಂಡನ ಕೆಲಸದಲ್ಲಿ ಕೂದಲಷ್ಟೂ ತಪ್ಪಿಲ್ಲ ಅಂತ!"

ಕಿಟಕಿಯಿಂದ ಆಚೆ ನೋಡುತ್ತಾ ಹೇಳಿದರು. "ಅದಕ್ಕೇ ಹೇಳ್ಲಿಲ್ಲ. ಅಷ್ಟು ಜನದಲ್ಲಿ ನೀನೊಬ್ಳು ಹಂಗಂತಿದ್ದೆ. ಅದೊಂದನ್ನೂ ಕಳ್ಕೊಳ್ಳೋಕೆ ಧೈರ್ಯ ಬರ್ಲಿಲ್ಲ ಕಣೇ."

ತುಮಕೂರು ಬರುವವರೆಗೂ ನಾನು ಅವರ ಕಡೆ ತಿರುಗಲಿಲ್ಲ. ತಿರುಗಿದ್ದರೆ ಬೈಯುತ್ತಿದ್ದೆನೋ ಅಳುತ್ತಿದ್ದೆನೋ, ಬಸ್ಸಿನ ತುಂಬ ಜನ ಇದ್ದರು. ಇಳಿಯುವಾಗ ಅವರು ಪೆಟ್ಟಿಗೆಗೆ ಬಗ್ಗಿದರು. ಇನ್ನೊಂದು ಹಿಡಿಯನ್ನು ನಾನು ಹಿಡಿದುಕೊಂಡೆ.